ಮಕ್ಕಳ ಲೆಕ್ಕ ಬೆಂಗಳೂರಲ್ಲಿ, ಮಕ್ಕಳು ಮಧುರೆಯಲ್ಲಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಶನಿಮಹಾತ್ಮ ದೇವಸ್ಥಾನಕ್ಕೆ ಶನಿವಾರ ಬಸ್ಸು ತುಂಬಿ ಬರುತ್ತೆ. ಎಳ್ಳುಬತ್ತಿ ಮಾರುವ ಅಂಗಡಿಯವರು ಸಂಜೆ ಗಲ್ಲಾ ಎಣಿಸುವ ಹೊತ್ತಿಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು, ಯಾರ ಹತ್ತಿರ ಬಾಕಿ, ಎಲ್ಲಾ ಬಾಯಲ್ಲೇ ಹೇಳುತ್ತಾರೆ. ಅವರನ್ನೇ ‘ನಿಮ್ಮೂರ ಶಾಲೆಯ ಐದನೇ ತರಗತೀಲಿ ಭಾಗಾಕಾರ ಬರೋ ಮಕ್ಕಳೆಷ್ಟು?’ ಎಂದು ಕೇಳಿ ನೋಡಿ. ತಲೆ ಕೆರೆದುಕೊಳ್ಳುತ್ತಾರೆ. ಅವರ ತಪ್ಪೇನಿಲ್ಲ. ಆ ಲೆಕ್ಕ ಇರೋದು ಬೆಂಗಳೂರಿನ ಕಂಪ್ಯೂಟರಿನಲ್ಲಿ.

ಮಕ್ಕಳಿಗಾಗಿ ದುಡಿಯುವ ಸೇವಾ ಸಂಸ್ಥೆಗಳಲ್ಲಿ ಈಗ ‘ಡೇಟಾ ಸೈನ್ಸ್’ ತಂಡ, ಅದಕ್ಕೊಬ್ಬ ಮುಖ್ಯಸ್ಥರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಹಳ್ಳಿಗಳಿಂದ ಬಂದ ಅಂಕಿ ಕೂಡಿಸಿ, ಯಾವ ಊರ ಮಕ್ಕಳು ಹಿಂದೆ ಬಿದ್ದಿದ್ದಾರೆ, ದುಡ್ಡು ಮತ್ತು ಜನವನ್ನು ಎಲ್ಲಿಗೆ ಕಳಿಸಬೇಕು ಎಂದು ಹೇಳುವ ಕೆಲಸ. ಕಣಕ್ಕೆ ಬಂದ ರಾಶಿ ಅಳೆಯೋದು ಸುಲಭ. ಕಣಕ್ಕೇ ಬಾರದ ಕಾಳಿನ ಲೆಕ್ಕ ಹಿಡಿಯೋದು ಕಷ್ಟ. ಮುಖ್ಯಸ್ಥರ ಯೋಗ್ಯತೆ ಗೊತ್ತಾಗೋದು ಅಲ್ಲೇ.

‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ನೋಡಿ. 2024ರಲ್ಲಿ ದೇಶದ ಹಳ್ಳಿಗಳ ಸರ್ಕಾರಿ ಶಾಲೆಯ ಮೂರನೇ ತರಗತಿಯವರಲ್ಲಿ ಎರಡನೇ ತರಗತಿ ಪಾಠ ಓದಬಲ್ಲವರು ನೂರಕ್ಕೆ 23.4. 2022ರಲ್ಲಿ 16.3 ಇತ್ತು. ಸುಧಾರಣೆ ಆಗಿದೆ, ಒಪ್ಪೋಣ. ಆದರೆ ಈ ಸಮೀಕ್ಷೆಗೆ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಮನೆಗೇ ಹೋಗುವುದರಿಂದ ಶಾಲೆ ಬಿಟ್ಟ ಮಗುವೂ ಸಿಗುತ್ತೆ. ಅದು ಅದರ ದೊಡ್ಡ ಗುಣ. ಆದರೆ ಮಧುರೆ ಆ 30ರಲ್ಲಿ ಬರದಿದ್ದರೆ ಮಧುರೆಗೆ ಅದರಿಂದ ತಿಳಿಯೋದೇನು?

ಇನ್ನೊಂದು ದಾರಿ ಬೆಂಗಳೂರಿನ ಅಕ್ಷರ ಫೌಂಡೇಶನ್‌ನದು. 2000ದಲ್ಲಿ ಶುರುವಾದ ಈ ಸಂಸ್ಥೆಯ ಗಣಿತದ ಪ್ರಯೋಗ ಇದೇ ಜಿಲ್ಲೆಯ ಹೊಸಕೋಟೆಯಲ್ಲಿ ನಡೆದು, ‘ಗಣಿತ ಕಲಿಕಾ ಆಂದೋಲನ’ವಾಗಿ ಸರ್ಕಾರದ ಜೊತೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಯೂ ಇವರದೇ. ನಾಲ್ಕು, ಐದು, ಆರನೇ ತರಗತಿ ಮಕ್ಕಳು ಪರೀಕ್ಷೆ ಬರೆಯುತ್ತಾರೆ, ಫಲಿತಾಂಶ ಊರಿಗೇ ವಾಪಸ್ಸು. ಕೂಡೋದು ಬರುತ್ತೆ, ಭಾಗಾಕಾರ ಬರಲ್ಲ ಎಂಬುದು ಊರವರ ಕಿವಿಗೇ ಬೀಳುತ್ತೆ.

ಇಲ್ಲೂ ಒಂದು ಕೊಕ್ಕೆ ಇದೆ. ಬಂದು ಬರೆದವರ ಲೆಕ್ಕ ಮಾತ್ರ ಸಿಗುತ್ತೆ. ಮಗ್ಗದ ಮನೇಲಿ ತಮ್ಮನನ್ನು ಆಡಿಸುತ್ತಾ ಕೂತ ಹುಡುಗಿ, ಇಟ್ಟಿಗೆ ಗೂಡಿಗೆ ಅಪ್ಪ ಅಮ್ಮನ ಜೊತೆ ವಲಸೆ ಬಂದ ಹುಡುಗ, ಇವರು ಹಾಳೆಯಲ್ಲೇ ಇಲ್ಲ. ಒಂದು ಊರಲ್ಲಿ 40 ಮಕ್ಕಳು ಅಂತಿಟ್ಟುಕೊಳ್ಳಿ. 25 ಜನ ಬರೆದು 20 ಜನ ಪಾಸಾದರು. ಕಂಪ್ಯೂಟರ್ ನೂರಕ್ಕೆ 80 ಅನ್ನುತ್ತೆ, ಆ ಊರಿಗೆ ಸಹಾಯ ಬೇಡ ಅನ್ನುತ್ತೆ. ಊರ ಮಕ್ಕಳನ್ನೆಲ್ಲಾ ಹಿಡಿದರೆ ಖಾತ್ರಿಯಾದದ್ದು 50 ಮಾತ್ರ. ಬಾಕಿದಾರರ ಹೆಸರು ಬಿಟ್ಟು ಲಾಭ ಬರೆದ ಹಾಗಾಯಿತು. ಇದು ಯಂತ್ರದ ತಪ್ಪಲ್ಲ. ‘ಮಿಕ್ಕ 15 ಎಲ್ಲಿ?’ ಎಂದು ಕೇಳಬೇಕಾದ್ದು ತಂಡದ ಯಜಮಾನ.

ಹಾಗಂತ ಸಿಕ್ಕ ಸಿಕ್ಕ ಮಗುವಿನ ಹೆಸರು, ಆಧಾರ್, ಜಾತಿ ಬರೆದುಕೊಂಡು ಹೋಗೋದೂ ಸರಿಯಲ್ಲ. ಕೇಂದ್ರದ 2023ರ ದತ್ತಾಂಶ ರಕ್ಷಣೆ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಹೆಸರು ಮೇಷ್ಟ್ರ ಹತ್ತಿರ ಇರಲಿ, ಪಂಚಾಯಿತಿ ಗೋಡೆಗೆ ಬರೀ ಸಂಖ್ಯೆ ಸಾಕು. ‘ದಡ್ಡರ ಪಟ್ಟಿ’ ಗೋಡೆಗೆ ಅಂಟಿದರೆ ಮಾರನೇ ದಿನ ಇನ್ನೆರಡು ಮಕ್ಕಳು ಶಾಲೆಗೆ ಬರೋಲ್ಲ.

ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ರಾಜ್ಯದಲ್ಲಿ ಇದ್ದೇ ಇದೆ. ಹಾರ, ಭಾಷಣ, ಬಿಸ್ಕತ್ತು ಮುಗಿದ ಮೇಲೆ ಮಧುರೆ ಹೋಬಳಿಯ ಸದಸ್ಯರೊಬ್ಬರು ಎದ್ದು, ಊರಲ್ಲಿ ಮಕ್ಕಳೆಷ್ಟು, ಪರೀಕ್ಷೆ ಬರೆದವರೆಷ್ಟು, ಬಾರದವರ ಮನೆಗೆ ಹೋದವರು ಯಾರು ಎಂದು ಕೇಳಬಹುದು. ಅದಕ್ಕೆ ಕಂಪ್ಯೂಟರ್ ಬೇಡ.