ಕೂಗದ ಕೀಲಿಗೆ ಎಣ್ಣೆ

ಎತ್ತಿನ ಗಾಡಿಯ ಅಚ್ಚಿನಲ್ಲಿ ಎಣ್ಣೆ ಒಣಗಿದರೆ ಅದು ಕಿರುಗುಟ್ಟುತ್ತದೆ. ಆ ಸದ್ದನ್ನು ಕೇಳಿದ ಗಾಡಿಯವನು ಹರಳೆಣ್ಣೆಯ ಬುರುಡೆಯನ್ನು ಹುಡುಕುತ್ತಿದ್ದನು. ಅತ್ತ ಮಗುವಿಗೆ ಹಾಲು. ಕೂಗಿದ ಕೀಲಿಗೆ ಎಣ್ಣೆ. ಇಂದು ಹೊಲದಿಂದ ಮಾರುಕಟ್ಟೆಗೆ ಸರಕು ಸಾಗಿಸುವ ಕೆಲಸವನ್ನು ಬಹುಮಟ್ಟಿಗೆ ಪಿಕಪ್ ವಾಹನಗಳು ವಹಿಸಿಕೊಂಡಿವೆ. ಕೋಲಾರದ ಮಾರುಕಟ್ಟೆಗೆ ಟೊಮೇಟೊ ಹೊತ್ತು ಬರುವ ಇಂತಹ ವಾಹನವೊಂದರ ಹಿಂಬದಿಯನ್ನು ಬಗ್ಗಿ ನೋಡಿದರೆ, ಅಚ್ಚಿನ ನಡುವೆ ಗುಂಡಗೆ ಉಬ್ಬಿಕೊಂಡಿರುವ ಕಬ್ಬಿಣದ ಗೂಡೊಂದು ಕಾಣುತ್ತದೆ. ಅದೇ ಡಿಫರೆನ್ಷಿಯಲ್. ಅದರೊಳಗಿನ ಎಣ್ಣೆ ಕೆಟ್ಟರೆ ಅದು ಕೂಗುವುದಿಲ್ಲ. ಕೂಗುವ ಹೊತ್ತಿಗೆ ಹಲ್ಲುಗಳು ಸವೆದುಹೋಗಿರುತ್ತವೆ. ತನ್ನ ಕಷ್ಟವನ್ನು ಹೇಳಿಕೊಳ್ಳಲಾರದ ಈ ಯಂತ್ರಭಾಗವನ್ನು ತಿಳಿವಳಿಕೆಯೊಂದೇ ಕಾಪಾಡಬಲ್ಲುದು. ಆದಕಾರಣ, ಮನೆಯಲ್ಲಿ ಇಂತಹ ವಾಹನವುಳ್ಳ ವಿದ್ಯಾರ್ಥಿಗಳು, ತಿಳಿದ ಹಿರಿಯರನ್ನು ಜೊತೆಗಿರಿಸಿಕೊಂಡು, ಇದರ ಎಣ್ಣೆಯನ್ನು ಒಮ್ಮೆಯಾದರೂ ತಮ್ಮ ಕೈಯಿಂದಲೇ ಬದಲಾಯಿಸಬೇಕೆಂಬುದು ನಮ್ಮ ಅಭಿಮತ.

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಕಿಲ್ಲವೇಕೆ? ಅದರ ಎರಡು ಚಕ್ರಗಳೂ ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ಉರುಳುತ್ತವೆ. ಎಳೆಯುವುದು ಎತ್ತು, ಚಕ್ರವನ್ನು ತಿರುಗಿಸುವ ಹೊಣೆ ಅಚ್ಚಿಗಿಲ್ಲ. ಮೋಟಾರು ವಾಹನದಲ್ಲಾದರೋ ಚಕ್ರಗಳನ್ನು ಎಂಜಿನ್ನೇ ತಿರುಗಿಸಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡು ಚಕ್ರಗಳ ನಡುವಣ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳೋಣ. ವಾಹನ 90 ಡಿಗ್ರಿ ತಿರುಗಿದಾಗ ಅವುಗಳ ಓಟದ ವ್ಯತ್ಯಾಸ ಸುಮಾರು 2.2 ಮೀಟರ್. ತಿರುವು ಕಿರಿದಾಗಿರಲಿ, ವಿಶಾಲವಾಗಿರಲಿ, ವ್ಯತ್ಯಾಸ ಅಷ್ಟೇ. ವೃತ್ತದ ಪರಿಧಿಯ ಸೂತ್ರವನ್ನು ಬಲ್ಲವರು ಇದನ್ನು ಕಾಗದದ ಮೇಲೆ ತಾವೇ ಸಾಧಿಸಿ ನೋಡಬಹುದು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದಿದ್ದರೆ, ಪ್ರತಿ ತಿರುವಿನಲ್ಲಿಯೂ ಟೈರುಗಳು ಇಷ್ಟು ದೂರದ ಲೆಕ್ಕವನ್ನು ನೆಲಕ್ಕೆ ಉಜ್ಜಿಕೊಂಡೇ ತೀರಿಸಬೇಕಾಗುತ್ತಿತ್ತು.

ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬ ಕುಶಲಿಯು 1820ರ ದಶಕದಲ್ಲಿಯೇ ಉಗಿಬಂಡಿಗಾಗಿ ಈ ತೊಡಕನ್ನು ಬಿಡಿಸಿದನು. ಎಂಜಿನ್ನಿನಿಂದ ಬರುವ ಉದ್ದನೆಯ ದಂಡವು "ಕ್ರೌನ್" ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ಸುತ್ತುವ ಸಣ್ಣ ಹಲ್ಲುಚಕ್ರಗಳು ಬಲವನ್ನು ಎರಡೂ ಕಡೆಗೆ ಹಂಚುತ್ತವೆ. ಕ್ರೌನ್ 100 ಸುತ್ತು ತಿರುಗುವಷ್ಟರಲ್ಲಿ ಒಳಗಿನ ಚಕ್ರ 90 ಸುತ್ತು ತಿರುಗಿದರೆ ಹೊರಗಿನದು 110 ಸುತ್ತು ತಿರುಗುತ್ತದೆ. ಒಂದು ಕಳೆದುಕೊಂಡದ್ದನ್ನು ಇನ್ನೊಂದು ಪಡೆಯುತ್ತದೆ. ಒಂಟಿ ಮೋಟಾರಿನಿಂದ ನಡೆಯುವ ವಿದ್ಯುತ್ ಕಾರುಗಳಲ್ಲಿಯೂ ಇಂದು ಇದೇ ತತ್ತ್ವ ಕೆಲಸಮಾಡುತ್ತಿದೆ.

ಇನ್ನು ಎಣ್ಣೆಯ ವಿಚಾರ. 1920ರ ದಶಕದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳು "ಹೈಪಾಯ್ಡ್" ಎಂಬ ಹಲ್ಲುಗಳನ್ನು ಬಳಕೆಗೆ ತಂದವು. ಇವುಗಳಲ್ಲಿ ದಂಡದ ತುದಿಯ ಚಿಕ್ಕ ಹಲ್ಲುಚಕ್ರವು ಕ್ರೌನಿನ ನಡುಮಧ್ಯಕ್ಕೆ ಬಾರದೆ ತುಸು ಕೆಳಗೆ ಬಂದು ಕೂಡುತ್ತದೆ. ಹಲ್ಲುಗಳು ಹೆಚ್ಚು ಬಲವನ್ನು ತಡೆಯುತ್ತವೆ, ಸದ್ದು ಕಡಿಮೆ. ಆದರೆ ಅವು ಒಂದರ ಮೇಲೊಂದು ಉರುಳುವುದಲ್ಲದೆ ಜಾರಿ ಉಜ್ಜುತ್ತವೆ. ಅಪಾರವಾದ ಆ ಒತ್ತಡದಲ್ಲಿ ಸಾಮಾನ್ಯ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಆದ್ದರಿಂದ ಈ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಉಜ್ಜುವೆಡೆಯಲ್ಲಿ ಹುಟ್ಟುವ ಶಾಖದಿಂದ ಇವು ಉಕ್ಕಿನೊಡನೆ ಸಂಯೋಗಹೊಂದಿ ತೆಳುವಾದ ರಕ್ಷಣೆಯ ಪದರವನ್ನು ಉಂಟುಮಾಡುತ್ತವೆ. ಡಬ್ಬಿಯ ಮುಚ್ಚಳ ತೆರೆದೊಡನೆ ಮೂಗಿಗೆ ಬಡಿಯುವ ಘಾಟು ಗಂಧಕದ್ದೇ. ಡಬ್ಬಿಯ ಮೇಲಣ 90 ಎಂಬ ಅಂಕಿಯನ್ನು ಕಂಡು ಇದು 40 ಅಂಕಿಯ ಎಂಜಿನ್ ಎಣ್ಣೆಯ ಎರಡರಷ್ಟು ಮಂದವೆಂದು ಭ್ರಮಿಸಬಾರದು. ಎರಡರ ಅಳತೆಗೋಲುಗಳೂ ಬೇರೆ. ಮಂದತನದಲ್ಲಿ ಇವು ಹೆಚ್ಚುಕಡಮೆ ನೆರೆಹೊರೆಯವು. ಒಂದರ ಬದಲು ಇನ್ನೊಂದನ್ನು ಸುರಿಯಬಾರದೆನ್ನುವುದಕ್ಕೆ ಮುಖ್ಯ ಕಾರಣ ಮಂದತನವಲ್ಲ, ಒಳಗಿನ ರಸಾಯನ.

ಎಂಜಿನ್ನಿನ ಎಣ್ಣೆಗೆ ಅಳೆಯುವ ಕಡ್ಡಿಯುಂಟು, ಕೆಂಪು ದೀಪವುಂಟು, ಸೋಸುವ ಫಿಲ್ಟರ್ ಉಂಟು. ಹಿಂದಿನ ಅಚ್ಚಿನ ಎಣ್ಣೆಗೆ ಸಾಮಾನ್ಯವಾಗಿ ಇವೊಂದೂ ಇಲ್ಲ. ಕ್ರೌನ್ ಎಣ್ಣೆಯಲ್ಲಿ ಮುಳುಗೆದ್ದು ಅದನ್ನು ಸುತ್ತಲೂ ಎರಚುತ್ತದೆ. ಸವೆದ ಉಕ್ಕಿನ ಪುಡಿ ಅಲ್ಲಿಯೇ ಉಳಿಯುತ್ತದೆ. ಈ ಎಣ್ಣೆಯನ್ನು ವಾಹನದ ಆಯುಷ್ಯವಿರುವ ತನಕ ಬದಲಾಯಿಸಬೇಕಿಲ್ಲವೆಂಬ ಮಾತು ಕೆಲವೆಡೆ ಕೇಳಿಬರುತ್ತದೆ. ತುಂಬು ಭಾರ ಹೊತ್ತು ಮಣ್ಣಿನ ಹಾದಿಯಲ್ಲಿ ದುಡಿಯುವ ವಾಹನದ ಆಯುಷ್ಯ ಎಷ್ಟೆಂದು ಆ ಮಾತು ಹೇಳುವುದಿಲ್ಲ. ತಯಾರಕರು ಕೊಟ್ಟ ಕೈಪಿಡಿಯಲ್ಲಿ ಭಾರದ ದುಡಿಮೆಗೆ ಬೇರೆ ಅವಧಿಯನ್ನು ಸೂಚಿಸಿದ್ದರೆ ಅದನ್ನೇ ಅನುಸರಿಸತಕ್ಕದ್ದು. ವಾಹನ ಅಚ್ಚಿನ ಮಟ್ಟದ ನೀರಿನಲ್ಲಿ ಇಳಿದಿದ್ದರೆ ಅವಧಿಗಾಗಿ ಕಾಯದೆ ಎಣ್ಣೆಯನ್ನು ಪರೀಕ್ಷಿಸಬೇಕು.

ಮಾಡುವ ಬಗೆ ಕಷ್ಟದ್ದಲ್ಲ. ವಾಹನವನ್ನು ಸ್ವಲ್ಪ ದೂರ ಓಡಿಸಿದರೆ ಎಣ್ಣೆ ಬೆಚ್ಚಗಾಗಿ ಸರಾಗವಾಗಿ ಇಳಿಯುತ್ತದೆ. ಕೈ ಸುಡುವಷ್ಟು ಬಿಸಿ ಬೇಡ. ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಬೇಕು. ಪಿಕಪ್ ಎತ್ತರದ ವಾಹನವಾದ್ದರಿಂದ ಜಾಕಿಯ ಅಗತ್ಯ ಬಹಳವಾಗಿ ಬೀಳದು. ಬಿದ್ದರೆ, ಕೇವಲ ಜಾಕಿಯ ಮೇಲೆ ನಿಂತ ವಾಹನದ ಅಡಿಗೆ ಯಾರೂ ತೂರಬಾರದು. ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಬಳಿಕವೇ ಕೆಲಸ. ಮೊದಲು ಸಡಿಲಿಸಬೇಕಾದದ್ದು ಮೇಲಿನ ಬಿರಡೆಯನ್ನು, ಎಂದರೆ ಎಣ್ಣೆ ತುಂಬುವ ರಂಧ್ರದ ಬಿರಡೆಯನ್ನು. ಇದ್ದ ಎಣ್ಣೆಯನ್ನೆಲ್ಲ ಕೆಳಗಿನಿಂದ ಇಳಿಸಿ, ಅನಂತರ ಮೇಲಿನ ಬಿರಡೆ ತುಕ್ಕು ಹಿಡಿದು ಅಲುಗದೆಂದು ತಿಳಿದರೆ, ವಾಹನ ಬರಿದಾದ ಅಚ್ಚಿನೊಡನೆ ನಿಂತಲ್ಲಿಯೇ ನಿಲ್ಲಬೇಕಾಗುತ್ತದೆ! ಕೆಲವು ಅಚ್ಚುಗಳಿಗೆ ಕೆಳಗಿನ ಬಿರಡೆಯೇ ಇರುವುದಿಲ್ಲ. ಹಿಂದಿನ ಮುಚ್ಚಳವನ್ನು ಬಿಚ್ಚಬೇಕು ಇಲ್ಲವೆ ಪಂಪಿನಿಂದ ಹೀರಬೇಕು. ಹಳೆಯ ಎಣ್ಣೆ ಇಳಿದ ಮೇಲೆ ಕೆಳಗಿನ ಬಿರಡೆಯನ್ನು ಒರೆಸಿ, ಹೊಸ ವಾಷರ್ ಕೊಟ್ಟು ಬಿಗಿದು, ಕೈಪಿಡಿ ಹೇಳಿದ ಎಣ್ಣೆಯನ್ನು ಮೇಲಿನ ರಂಧ್ರದ ಅಂಚಿಗೆ ಬಂದು ಜಿನುಗುವವರೆಗೆ ತುಂಬಬೇಕು. ಬಿರಡೆಯನ್ನು ಅತಿಯಾಗಿ ಬಿಗಿದರೆ ತಿರುಪಿನ ಎಳೆ ಕೆಡುತ್ತದೆ.

ಹೊಸ ಎಣ್ಣೆ ತುಂಬುವ ಮುನ್ನ ಹಳೆಯದನ್ನು ಓದಲು ಕಲಿಯಬೇಕು. ಅನೇಕ ವಾಹನಗಳಲ್ಲಿ ಕೆಳಗಿನ ಬಿರಡೆಗೆ ಅಯಸ್ಕಾಂತವಿರುತ್ತದೆ. ಅದಕ್ಕೆ ಬೂದುಬಣ್ಣದ ನುಣುಪಾದ ಸರಿ ಅಂಟಿದ್ದರೆ ಅದು ಸಹಜವಾದ ಸವೆತ. ಉಗುರಿಗೆ ತಾಗುವ ಚೂರು, ಹಲ್ಲಿನ ತುಣುಕು ಇದ್ದರೆ ಒಳಗೆ ಏನೋ ಮುರಿದಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಇಲ್ಲಿ ಗೊತ್ತಿರುವುದಿಲ್ಲ, ಮತ್ತು ಉತ್ತರದ ಮೇಲೆ ಒಂದು ಸಂಸಾರದ ಸಂಪಾದನೆ ನಿಂತಿರುತ್ತದೆ.

ಗ್ಯಾರೇಜಿನಲ್ಲಿ ಬಲ್ಲವರಿರುವಾಗ ವಿದ್ಯಾರ್ಥಿಗಳು ಕೈ ಕೊಳೆ ಮಾಡಿಕೊಳ್ಳುವುದೇಕೆಂದು ಕೆಲವರು ಆಕ್ಷೇಪಿಸಬಹುದು. ಮೆಕ್ಯಾನಿಕ್ಕಿನ ವಿದ್ಯೆಯನ್ನು ಹಗುರಮಾಡುವುದು ನಮ್ಮ ಉದ್ದೇಶವಲ್ಲ. ಚೂರು ಕಂಡರೆ, ಸೀಲಿನಿಂದ ಎಣ್ಣೆ ಸೋರಿದರೆ, ವಾಹನ ಇನ್ನೂ ಖಾತರಿಯ ಅವಧಿಯಲ್ಲಿದ್ದರೆ, ಅವರ ಬಳಿಗೇ ಹೋಗತಕ್ಕದ್ದು. ಆದರೆ ಒಮ್ಮೆ ಕೈಯಾರೆ ಮಾಡಿದವನು ಗ್ಯಾರೇಜಿಗೆ ಹೋದಾಗ ಸರಿಯಾದ ಪ್ರಶ್ನೆಯನ್ನು ಕೇಳಬಲ್ಲನು, ಮತ್ತು ಆ ಕೆಲಸಕ್ಕೆ ಸಲ್ಲಬೇಕಾದ ಗೌರವವನ್ನೂ ಕೊಡಬಲ್ಲನು.

ಒಂದು ಮಾತನ್ನು ಮಾತ್ರ ನಿಷ್ಠುರವಾಗಿ ಹೇಳಬೇಕಾಗಿದೆ. ಇಳಿಸಿದ ಎರಡು ಮೂರು ಲೀಟರ್ ಎಣ್ಣೆಯನ್ನು ಚರಂಡಿಗೋ ಬೇಲಿಯ ಬುಡಕ್ಕೋ ಚೆಲ್ಲುವವರು ಈ ಕೆಲಸಕ್ಕೆ ಕೈಯಿಕ್ಕದಿರುವುದೇ ಲೇಸು. ನೆಲಕ್ಕೆ ಇಂಗಿದ ಎಣ್ಣೆ ಬಾವಿಯ ನೀರನ್ನು ಕೆಡಿಸಬಲ್ಲುದು. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಯನ್ನೂ ಒಳಗೊಂಡಿವೆ. ಅದನ್ನು ಶುದ್ಧಿಮಾಡಿ ಮರುಬಳಕೆಗೆ ತರುವ ನೋಂದಾಯಿತ ಘಟಕಗಳಿವೆ. ಮುಚ್ಚಳವಿರುವ ಡಬ್ಬಿಯಲ್ಲಿ ಬೇರೇನನ್ನೂ ಬೆರೆಸದೆ ಶೇಖರಿಸಿ, ಅಂತಹ ಘಟಕಗಳಿಗೆ ಒಪ್ಪಿಸುವ ಸರ್ವಿಸ್ ಸ್ಟೇಷನ್ನಿಗೆ ತಲುಪಿಸಬೇಕು. ಡಬ್ಬಿ ಅಲ್ಲಿಗೆ ತಲುಪಿ, ತಾರೀಖು ಮತ್ತು ಓಡಿದ ಕಿಲೋಮೀಟರುಗಳು ಪುಸ್ತಕದಲ್ಲಿ ದಾಖಲಾದ ಮೇಲೆಯೇ ಈ ಕೆಲಸ ಮುಗಿಯಿತೆಂದು ನಾವು ಒಪ್ಪುತ್ತೇವೆ.