ಹಿಂದಿನ ಬೆಂಚಿನ ಉತ್ತರ

'ಅರ್ಥವಾಯಿತೇ?' ಎಂದು ಅಧ್ಯಾಪಕರು ಕೇಳುತ್ತಾರೆ. 'ಹೌದು ಸರ್' ಎಂದು ಇಡೀ ತರಗತಿ ಉತ್ತರಿಸುತ್ತದೆ. ಅರ್ಥವಾಗದವರೂ ಅದಕ್ಕೆ ದನಿಗೂಡಿಸುತ್ತಾರೆ. ನಗರಗೆರೆಯಂತಹ ಗಡಿನಾಡಿನಿಂದ ಪದವಿ ಕಾಲೇಜಿಗೆ ಬರುವ, ಮನೆಯಲ್ಲಿ ಉರ್ದುವನ್ನೋ ತೆಲುಗನ್ನೋ ಆಡುವ ವಿದ್ಯಾರ್ಥಿನಿಯೊಬ್ಬಳು ಇಂಗ್ಲಿಷ್ ಪಾಠದ ನಡುವೆ ಎದ್ದು ನಿಂತು 'ತಿಳಿಯಲಿಲ್ಲ' ಎನ್ನುವುದು ಸಣ್ಣ ಸಾಹಸವೇನಲ್ಲ. ಇಂತಹ ಮೌನವನ್ನೇ ನಾವು ಶಿಸ್ತೆಂದು ಹೊಗಳುತ್ತಾ ಬಂದಿದ್ದೇವೆ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡರು. ಪಾಠದ ನಡುವೆ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಮೊದಲು ಸ್ವತಃ ಉತ್ತರಿಸಬೇಕು. ಬಳಿಕ ಪಕ್ಕದವರೊಡನೆ ಚರ್ಚಿಸಿ ಮತ್ತೊಮ್ಮೆ ಉತ್ತರಿಸಬೇಕು. 2013ರಲ್ಲಿ ನಾರ್ವೆಯಿಂದ ಬಂದ ಕಹೂಟ್‌ನಂತಹ ರಸಪ್ರಶ್ನೆ ತಂತ್ರಾಂಶಗಳು ಈ ಉತ್ತರಗಳನ್ನು ಮೊಬೈಲ್ ಮೂಲಕ ಕ್ಷಣಾರ್ಧದಲ್ಲಿ ಒಟ್ಟುಗೂಡಿಸುತ್ತವೆ. ಹೆಸರು ಮರೆಮಾಚಿ ಬಳಸಿದರೆ, ತಪ್ಪಿದವರಾರೆಂದು ಸಹಪಾಠಿಗಳಿಗೆ ತಿಳಿಯದು. ಎಷ್ಟು ಮಂದಿ ತಪ್ಪಿದರೆಂದು ಅಧ್ಯಾಪಕರಿಗೆ ತಿಳಿಯುತ್ತದೆ. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪಿಸಿಕೊಂಡು ಬರೆದವರು ವಾರದ ನಂತರವೂ ಹೆಚ್ಚು ನೆನಪಿಟ್ಟುಕೊಂಡರೆಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು.

ಆದರೆ ಇದು ವೇಗದ ಪಂದ್ಯವಾದರೆ, ಪರದೆಯ ಮೇಲೆ ಮೊದಲ ಮೂವರ ಹೆಸರು ಮಿನುಗುವುದೇ ಗುರಿಯಾದರೆ, ಹಿಂದಿನ ಬೆಂಚು ಮತ್ತಷ್ಟು ಹಿಂದಕ್ಕೆ ಸರಿಯುತ್ತದೆ. ಇನ್ನೊಂದು ಪ್ರಶ್ನೆಯೂ ಇದೆ. ಮನೆಗೆಲ್ಲ ಒಂದೇ ಮೊಬೈಲ್ ಇರುವ ರೇಷ್ಮೆ ಕಾರ್ಮಿಕನ ಮಗ ಏನು ಮಾಡಬೇಕು? ಮಗನಿಗೆ ಮೊಬೈಲ್ ಕೊಟ್ಟು ಮಗಳಿಗೆ ನಿರಾಕರಿಸುವ ನಮ್ಮ ಮನೆಗಳ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಇದಕ್ಕೆ ಉಪಾಯವಿಲ್ಲದಿಲ್ಲ. ಪ್ಲಿಕರ್ಸ್ ಎಂಬ ವಿಧಾನದಲ್ಲಿ ವಿದ್ಯಾರ್ಥಿಗಳು ಮುದ್ರಿತ ಕಾಗದದ ಚೀಟಿಯನ್ನು ಎತ್ತಿ ಹಿಡಿದರೆ ಸಾಕು. ಅಧ್ಯಾಪಕರ ಒಂದೇ ಮೊಬೈಲ್ ಅವೆಲ್ಲವನ್ನೂ ಓದಿಕೊಳ್ಳುತ್ತದೆ. ಬಡತನ ಇಲ್ಲಿ ನೆಪವಾಗಬೇಕಿಲ್ಲ.

ಇದೇ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದವರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಯುವಜನರಿಗೆ ಬದುಕಿನುದ್ದಕ್ಕೂ ಹೇಳುತ್ತಾ ಬಂದರು. ಅವರ ತವರಿನ ತರಗತಿಗಳು ಮೂಕವಾಗಿರುವುದು ಶೋಭೆಯಲ್ಲ. 2017ರಲ್ಲಿ ಸ್ಥಾಪನೆಯಾದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವು ಈ ವಿಧಾನದಲ್ಲಿ ಅಧ್ಯಾಪಕರಿಗೆ ತರಬೇತಿ ನೀಡಲಿ.

ನಮ್ಮ ಪಾಲಿನ ಕೆಲಸವೂ ಇದೆ. ಸಂಜೆ ಮಗಳು ಮನೆಗೆ ಬಂದಾಗ 'ಎಷ್ಟು ಅಂಕ ಬಂತು?' ಎಂದು ಕೇಳುವ ಮೊದಲು, 'ಇಂದು ಯಾವುದು ಅರ್ಥವಾಗಲಿಲ್ಲ?' ಎಂದು ಕೇಳೋಣ. ತಪ್ಪು ಹೇಳಲು ಮನೆಯಲ್ಲಿ ಹೆದರದವಳು ತರಗತಿಯಲ್ಲೂ ಹೆದರಲಾರಳು.