ಬೆಲಿ ಇಳದ್ರ ರೊಕ್ಕ ವಾಪಸ್ ಕೊಡ್ತಾರಂತ!

ಹೋದ ದೀಪಾವಳಿ ಮುಂದ ಹುಬ್ಬಳ್ಳಿಯಿಂದ ನಮ್ಮ ಸಣ್ಣ ನಾದಿನಿ ಫೋನ್ ಮಾಡಿ, "ವೈನಿ, ನಾ ಮೋಸ ಹೋದೆ" ಅಂತ ಒಂದಽ ಸವನ ಅಳಲಿಕ್ಕೆ ಹತ್ತಿದ್ಲು. ನವರಾತ್ರಿಯೊಳಗ ಕ್ರೆಡಿಟ್ ಕಾರ್ಡಿನ ಮ್ಯಾಲೆ 32,000 ರೂಪಾಯಿಗೆ ಫ್ರಿಜ್ ತಗೊಂಡಿದ್ಲು. ದೀಪಾವಳಿ ಹೊತ್ತಿಗೆ ಅದಽ ಅಂಗಡಿಯೊಳಗ ಅದಽ ಫ್ರಿಜ್ 30,500ಕ್ಕ ಬಂತು. "ಇಳದ್ರ ಇಳೀಲಿ, ನನ್ನ ಕಾರ್ಡಿಗೆ ವಿಮಾ ಅದ" ಅಂತ ಧೈರ್ಯದ್ಲೆ ಕಾರ್ಡಿನವರಿಗೆ ಫೋನ್ ಹಚ್ಚ್ಯಾಳ. ಅವಾಗ ಗೊತ್ತಾತು, ಆಕಿ ಹೆಸರಿನ್ಯಾಗ ಇದ್ದ ವಿಮಾ ಬೆಲಿ ಇಳದಿದ್ದಕ್ಕ ಅಲ್ಲ, ಕಾರ್ಡ್ ಕಳದ್ರ, ಅಪಘಾತ ಆದ್ರ ಅಂತ. ಅದಕ್ಕ 1,499 ರೂಪಾಯಿ, ಮ್ಯಾಲೆ ನೂರಕ್ಕ 18ರಂಗ ಜಿಎಸ್‌ಟಿ, ಒಟ್ಟು 1,768 ರೂಪಾಯಿ 82 ಪೈಸಾ ಶ್ರಾವಣದಾಗಽ ಬಿಲ್ಲಿಗೆ ಹಾಕಿಬಿಟ್ಟಿದ್ರು. ಗಂಡಗ ಇನ್ನೂ ಹೇಳಿದ್ದಿಲ್ಲ.

ತಪ್ಪು ಅರ್ಧಾ ನಂದು. 2017ರಾಗ ಮಗಳ ಬಾಣಂತನಕ್ಕ ನ್ಯೂಜೆರ್ಸಿಗೆ ಹೋಗಿದ್ದೆ. ಅಲ್ಲಿ ಮಗಳು 249 ಡಾಲರಿಗೆ ಕಸಾ ಹೀರೋ ಮಷೀನ್ ತಗೊಂಡ್ಲು. ಮೂರು ವಾರಕ್ಕ ಅದು 199 ಆತು. ಆಕಿ ಕಾರ್ಡಿನವರು ಮ್ಯಾಲಿನ 50 ಡಾಲರ್ ತಿರುಗಿ ಕೊಟ್ರು. ಅದಕ್ಕ ಪ್ರೈಸ್ ಪ್ರೊಟೆಕ್ಷನ್ ಅಂತಾರಂತ. ನಾ ಊರಿಗೆ ಬಂದು ಈ ಕಥಿ ಎಷ್ಟು ಮಂದಿ ಮುಂದ ಹೇಳೇನೋ! ಅರಿಷಿಣ ಕುಂಕುಮಕ್ಕ ಹೋದಲ್ಲಿ ಸೈತ ಬಿಟ್ಟಿಲ್ಲ. ನಾದಿನಿ ತಲ್ಯಾಗ ಅದು ಕೂತಿತ್ತು. ಕಾರ್ಡಿನ ಹುಡುಗಿ ಫೋನಿನ್ಯಾಗ "ಪ್ರೊಟೆಕ್ಷನ್ ಪ್ಲ್ಯಾನ್ ಮೇಡಮ್" ಅಂದ ಕೂಡ್ಲೆ ಈಕಿ ಅದಽ ಇದು ಅಂತ "ಹೂಂ" ಅಂದಾಳ.

ಆದ್ರ ನಾ ಕಥಿ ಅರ್ಧಾನಽ ಹೇಳಿದ್ದೆ. ಆ 50 ಡಾಲರಿನ ಸಲುವಾಗಿ ಮಗಳು ಏನೇನು ಮಾಡಿದ್ಲು ಅನ್ನೋದು ಹೇಳಲಿಲ್ಲ. ಬಿಲ್ ಜ್ವಾಕಿ ಇಡಬೇಕು. ಇಳದ ಬೆಲಿ ಇದ್ದ ಜಾಹೀರಾತು, ತಾರೀಖು ಕಾಣೋ ಹಂಗ, ಫೋಟೋ ತಗೀಬೇಕು. ಮಾಡೆಲ್ ನಂಬರಿನ್ಯಾಗ ಒಂದು ಅಕ್ಷರ ಬ್ಯಾರೆ ಇದ್ರೂ ನಡೆಂಗಿಲ್ಲ. ಎರಡು, ಮೂರು ತಿಂಗಳ ಗಡುವು ದಾಟಿದ್ರ ಮುಗೀತು. ಬಂಗಾರ, ಹಳೇ ಸಾಮಾನು, ಕಾರು ಇವಕ್ಕೆಲ್ಲಾ ಲಾಗೂ ಇಲ್ಲ. ತೊಡಿ ಮ್ಯಾಲೆ ಕೂಸು ಮಲಗಿಸ್ಕೊಂಡು ಒಂದು ಕೈಲೆ ಫಾರ್ಮ್ ತುಂಬೂಕಿನ್ನ ನಾನಽ ನೋಡೇನಿ. ಎಷ್ಟು ಮಂದಿ ಇಷ್ಟು ಮಾಡ್ತಾರ್ರಿ? ಮಾಡಂಗಿಲ್ಲ ಅನ್ನೋ ಲೆಕ್ಕದ ಮ್ಯಾಲೇ ಈ ಸವಲತ್ತು ನಿಂತದ ಅಂತ ನನ್ನ ವಾದ.

ಮುಂದ ಆಗಿದ್ದು ಕೇಳ್ರಿ. ಅರ್ನಿ ಅಂತ ಒಂದು ಆ್ಯಪ್ ಇತ್ತು. ಅದು ನಿಮ್ಮ ಈಮೇಲಿನ್ಯಾಗಿನ ಬಿಲ್ ಹುಡುಕಿ, ಬೆಲಿ ಇಳದದ್ದು ತಾನಽ ನೋಡಿ, ತಾನಽ ಅರ್ಜಿ ಹಾಕಿ, ಬಂದ ರೊಕ್ಕದಾಗ ನಾಲ್ಕಾಣೆ ಪಾಲು ತಗೋತಿತ್ತು. ಮರಿಯೋರ ಪರವಾಗಿ ಮರೀದ ಒಬ್ಬಾವ ಕೇಳಲಿಕ್ಕೆ ನಿಂತಂಗ ಆತು. ಅದಾಗಿ ಸ್ವಲ್ಪ ವರ್ಷಕ್ಕ ಅಮೇರಿಕಾದ ದೊಡ್ಡ ದೊಡ್ಡ ಕಾರ್ಡಿನವರು ಒಬ್ಬೊಬ್ಬರಾಗಿ ಇದನ್ನ ತಗದು ಹಾಕಿದ್ರು. 2018ರಾಗ ಡಿಸ್ಕವರ್, ಅದಽ ವರ್ಷ ಚೇಸ್. ಸಿಟಿಯವರ ಪ್ರೈಸ್ ರಿವೈಂಡ್ ತಾನಽ 60 ದಿವಸ ಬೆಲಿ ಹುಡುಕಿ ಕೊಡ್ತಿತ್ತು, ಅದೂ 2019ರ ಸಪ್ಟೆಂಬರಿಗೆ ಬಂದ್ ಆತು. ಡಿಸ್ಕವರಿನವರು ಮಂದಿ ಬಳಸೂದು ಭಾಳ ಕಡಿಮಿ ಅಂದ್ರು. ಇರಬಹುದು. ಆದ್ರ ಯಾರೂ ಬಳಸದಿದ್ದದ್ದು ಇಟ್ಟರ ಅವರಿಗೆ ಏನು ಭಾರ ಆಗ್ತಿತ್ತು? ಮಂದಿ ಕೇಳಲಿಕ್ಕೆ ಹತ್ತಿದ್ದಕ್ಕಽ ಕಷ್ಟ ಆತು ಅಂತ ನನಗ ಅನಸ್ತದ. ಅಲ್ಲೊಂದು ಇಲ್ಲೊಂದು ಕಾರ್ಡಿಗೆ ಇನ್ನೂ ಉಳದದ, ಆದ್ರ ಮಗಳ ಕಾರ್ಡಿಗೆ ಈಗ ಇಲ್ಲ.

"ಪುಕ್ಕಟೆ ಕೊಟ್ರ ಬ್ಯಾಡ ಯಾಕ ಅಂತಿ?" ಅಂತಾರ ನಮ್ಮನಿಯವರು. ಬ್ಯಾಡ ಯಾಕಂದ್ರ, ಅದು ನಮ್ಮ ಕಾಲು ಕಟ್ಟಿ ಹಾಕ್ತದ. ಇದಽ ನಾದಿನಿ, ಎರಡು ರೂಪಾಯಿ ಕೊತಂಬರಿಗೆ ದುರ್ಗದಬೈಲಿನ್ಯಾಗ ಮೂರು ಕಡೆ ಕೇಳಿ, ಮ್ಯಾಲೆ ನಾಲ್ಕು ಹಸಿಮೆಣಸಿನಕಾಯಿ ಹಾಕಿಸ್ಕೊಂಡು ಬರೂಕಿ. ಫ್ರಿಜ್ ತಗೊಳ್ಳೋ ಮುಂದ ಒಂದಽ ಅಂಗಡಿಗೆ ಹೋಗಿ, ಚೌಕಾಶಿ ಮಾಡದ, ಹೇಳಿದ ಬೆಲಿಗೆ ಕಾರ್ಡ್ ಉಜ್ಜಿ ಬಂದಾಳ. ಯಾಕ? ಇಳದ್ರ ಬರ್ತದಲ್ಲಾ! ದೀಪಾವಳಿ ತನಕ ಕಾಯೋ ತಾಳ್ಮಿನೂ ಹೋತು. ಹಳೇ ಫ್ರಿಜ್ ಏನು ಕೆಟ್ಟಿದ್ದಿಲ್ಲ, ಸಪ್ಪಳ ಮಾಡ್ತಿತ್ತು ಅಷ್ಟಽ.

ಇನ್ನೊಂದು ಅದ. ನಾ ಆಕಿ ಬಿಲ್ಲೆಲ್ಲಾ ಮುಂದ ಹರವಿಕೊಂಡು ಕೂತೆ. ಫ್ರಿಜ್ಜಿನ ಬಿಲ್ಲಿಗೆ ಈಕಿ "ಮಿನಿಮಮ್" ಅಂತ ಬರದಷ್ಟಽ ಕಟ್ಟಿದ್ಲು. ಅಷ್ಟು ಕಟ್ಟಿದ್ರ ಸಾಕು ಅಂತ ತಿಳದಿದ್ಲಂತ. ಉಳದದ್ದಕ್ಕ ತಿಂಗಳಿಗೆ ನೂರಕ್ಕ ಮೂರೂವರಿ ಬಡ್ಡಿ, ಅದೂ ಖರೀದಿ ಮಾಡಿದ ದಿವಸದಿಂದ. 32,000ಕ್ಕ ತಿಂಗಳಿಗೆ 1,120ರ ಆಸುಪಾಸು. ಎರಡು ತಿಂಗಳಿಗೆ ಆ ಇಳದ 1,500 ದಾಟಿ ಹೋಗ್ತದ. ಬಡ್ಡಿಗೆ ಯಾವ ಪ್ರೊಟೆಕ್ಷನ್ನೂ ಇಲ್ಲ ನೋಡ್ರಿ.

ಅತ್ತು ಏನು ಮಾಡೂದು, ಇಬ್ಬರೂ ಬ್ಯಾಂಕಿಗೆ ಹೋದ್ವಿ. ಹೋಗೂಕಿಂತ ಮೊದಲ ಮಗಳಿಗೆ ಫೋನ್ ಮಾಡಿ ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿಯಮ ಓದಿಸ್ಕೊಂಡಿದ್ದೆ. ಕಾರ್ಡಿನ ಜೋಡಿ ವಿಮಾ ಕೊಡಬೇಕಂದ್ರ ಗಿರಾಕಿ ಬರದು ಕೊಟ್ಟು ಇಲ್ಲಾ ಡಿಜಿಟಲ್ ಆಗಿ ಸ್ಪಷ್ಟ ಒಪ್ಪಿಗಿ ಕೊಡಬೇಕು, ಜೋಡಿ ನಾಮಿನಿ ವಿವರಾನೂ ತಗೋಬೇಕು. ಕೌಂಟರಿನ ಹುಡುಗ "ಕಾಲ್ ರೆಕಾರ್ಡ್ ಅದ ಆಂಟಿ, ಅವರು ಹೂಂ ಅಂದಾರ" ಅಂದ. "ಇರಲೆಪ್ಪಾ. ಈಕಿ ಸತ್ರ ರೊಕ್ಕ ಯಾರಿಗೆ ಹೋಗ್ತದ? ನಾಮಿನಿ ಹೆಸರು ಓದು" ಅಂದೆ. ಕಂಪ್ಯೂಟರ್ ನೋಡಿದ, ನೋಡಿದ, ನೋಡಿದ. ಆ ಜಾಗಾ ಖಾಲಿ ಇತ್ತು.

ಬರದು ಕೊಟ್ವಿ, ಪ್ರತಿ ಮ್ಯಾಲೆ ಶಿಕ್ಕಾ ಹೊಡಿಸ್ಕೊಂಡ್ವಿ. 30 ದಿವಸದಾಗ ಉತ್ತರ ಬರಲಿಲ್ಲಂದ್ರ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕಡೆ ಹೋಗ್ತೀವಿ ಅಂತ ಅದರಾಗಽ ಬರದಿದ್ದೆ. ಅಲ್ಲೀ ತನಕ ಹೋಗೋ ಪ್ರಸಂಗ ಬರಲಿಲ್ಲ, ಹದಿನೆಂಟನೇ ದಿವಸಕ್ಕ 1,768 ರೂಪಾಯಿ 82 ಪೈಸಾ ತಿರುಗಿ ಬಂತು. ಬಡ್ಡಿ ಮಾತ್ರ ಕಟ್ಟಬೇಕಾತು. ಅದಕ್ಕ ಆಕಿ ಭಿಸಿ ರೊಕ್ಕ ಮುರಿಸಿದ್ಲು, ಗಂಡಗೂ ಹೇಳಿದ್ಲು. ಈಗ ಆ ಹೊಸಾ ಫ್ರಿಜ್ಜಿನ ಬಾಗಲಕ್ಕ ರಿಸರ್ವ್ ಬ್ಯಾಂಕಿನ ಸಹಾಯವಾಣಿ ನಂಬರ್ 14448 ಅಂತ ದೊಡ್ಡಕ್ಷರದಾಗ ಬರದು ಅಂಟಿಸ್ಯಾಳ.